ಕೃಷ್ಣದ್ರವ್ಯದ ಅನ್ವೇಷಣೆಯಲ್ಲಿ ದಿಕ್ಕಿನ ಸಾಕ್ಷ್ಯ: ಒಂದು ವಿಮರ್ಶೆ

ಕೃಷ್ಣದ್ರವ್ಯದ ಕಣಗಳನ್ನು ಅವು ಬರುವ ದಿಕ್ಕಿನಿಂದಲೇ ಗುರುತಿಸಬಹುದೆಂಬ ವಿಚಾರವನ್ನು 1988ರಲ್ಲಿ ಡೇವಿಡ್ ಸ್ಪರ್ಗೆಲ್ ಅವರು ಮಂಡಿಸಿದರು. ಸೂರ್ಯನು ಆಕಾಶಗಂಗೆಯ ಕೇಂದ್ರವನ್ನು ಸುತ್ತುತ್ತ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಿಂದ ಹಂಸ ನಕ್ಷತ್ರಪುಂಜದತ್ತ ಸಾಗುತ್ತಿರುವನು. ಆದುದರಿಂದ ಆ ಕಣಗಳು ಎದುರುಗಾಳಿಯಂತೆ ಆ ಕಡೆಯಿಂದಲೇ ಬೀಸಬೇಕು. ಅವುಗಳ ಹೊಡೆತಕ್ಕೆ ಸಿಕ್ಕಿದ ಪರಮಾಣುಬೀಜಗಳು ಬಹುಮಟ್ಟಿಗೆ ಹಂಸಪುಂಜಕ್ಕೆ ವಿಮುಖವಾಗಿ ಚಿಮ್ಮಬೇಕು. ಭೂಮಿಯ ಆವರ್ತನದಿಂದಾಗಿ ಪ್ರಯೋಗಶಾಲೆಯಲ್ಲಿ ಈ ದಿಕ್ಕು 23 ಗಂಟೆ 56 ನಿಮಿಷಗಳ ನಾಕ್ಷತ್ರಿಕ ದಿನಕ್ಕೊಮ್ಮೆ ಸುತ್ತಿಬರಬೇಕು.

ಈ ವಾದದ ಬೆಲೆಯೇನೆಂಬುದನ್ನು ಡಾಮಾ ಪ್ರಯೋಗದ ಕಥೆಯೇ ತಿಳಿಸುತ್ತದೆ. ಇಟಲಿಯ ಗ್ರಾನ್ ಸಾಸೋ ಪ್ರಯೋಗಶಾಲೆಯಲ್ಲಿ ಸೋಡಿಯಂ ಅಯೊಡೈಡ್ ಹರಳುಗಳು ವರ್ಷಕ್ಕೊಮ್ಮೆ ತೋರಿದ ಏರಿಳಿತವನ್ನು ಕೃಷ್ಣದ್ರವ್ಯದ ಗುರುತೆಂದು ಸಾರಲಾಯಿತು. ಅದೇ ಬಗೆಯ ಹರಳುಗಳಿಂದ ನಡೆಸಿದ ಅನಾಯಿಸ್ ಮತ್ತು ಕೊಸೈನ್-100 ಪ್ರಯೋಗಗಳು ಅದನ್ನು ಸಮರ್ಥಿಸಲಿಲ್ಲ. ಋತುವನ್ನು ಅನುಸರಿಸಿ ಬದಲಾಗುವ ಕಾರಣಗಳು ಭೂಮಿಯ ಮೇಲೆ ಹಲವುಂಟು. ಹಂಸಪುಂಜವನ್ನು ಅನುಸರಿಸಿ ತಿರುಗುವ ಲೌಕಿಕ ಕಾರಣವನ್ನು ಕಾಣುವುದು ಕಷ್ಟ.

ಆದರೆ ಈ ಪಕ್ಷದವರ ಒಂದು ಮಾತನ್ನು ನಾವು ಹಾಗೆಯೇ ಒಪ್ಪಲಾರೆವು. ಕೆಲವು ಹತ್ತು ಘಟನೆಗಳೇ ನಿರ್ಣಯಕ್ಕೆ ಸಾಕೆಂದು ಅವರು ಲೆಕ್ಕಹಾಕುವರು. ಈ ಲೆಕ್ಕವು ದೋಷರಹಿತ ಉಪಕರಣಕ್ಕೆ ಸಲ್ಲತಕ್ಕದ್ದು. ಚಿಮ್ಮಿದ ಬೀಜದ ಜಾಡು ವಿರಳ ಅನಿಲದಲ್ಲಿಯೂ ಕೆಲವು ಮಿಲಿಮೀಟರುಗಳನ್ನು ಮೀರುವುದು ಅಪರೂಪ. ದಾರಿಯಲ್ಲಿ ಅದು ಡೊಂಕಾಗುವುದು. ಜಾಡಿನ ತಲೆ ಯಾವುದು, ಬಾಲ ಯಾವುದು ಎಂಬುದು ತಿಳಿಯದಿದ್ದರೆ ಬೇಕಾಗುವ ಘಟನೆಗಳ ಸಂಖ್ಯೆ ಬಹಳ ಹೆಚ್ಚುವುದು. ಇನ್ನು ದ್ರವ್ಯರಾಶಿಯ ಮಾತು. ಇಂಗ್ಲೆಂಡಿನ ಬೌಲ್ಬಿ ಗಣಿಯಲ್ಲಿ, 1100 ಮೀಟರ್ ಆಳದಲ್ಲಿ ಕೆಲಸಮಾಡಿದ ಡ್ರಿಫ್ಟ್ ಉಪಕರಣದಲ್ಲಿದ್ದ ಅನಿಲದ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಇಪ್ಪತ್ತರಲ್ಲಿ ಒಂದು ಪಾಲು. ಅದರಲ್ಲಿ ಗುರಿಯಾದ ಫ್ಲೋರೀನು ಸುಮಾರು 33 ಗ್ರಾಂ. ಅಮೆರಿಕದ ಎಲ್‌ಜೆಡ್ ಉಪಕರಣದಲ್ಲಿ ಗುರಿಯಾದ ದ್ರವ ಕ್ಸೆನಾನು 7 ಟನ್ನು. ಈ ಅಂತರವನ್ನು ಜಾಣ್ಮೆಯೊಂದರಿಂದಲೇ ತುಂಬಲಾಗದು.

ಹಾಗಾದರೆ ಈ ಪ್ರಯತ್ನ ವ್ಯರ್ಥವೆ? ಅಲ್ಲವೆಂದೇ ನಮ್ಮ ಅಭಿಪ್ರಾಯ. 2024ರಲ್ಲಿ ಪಾಂಡಾಎಕ್ಸ್ ಮತ್ತು ಕ್ಸೆನಾನ್ ಪ್ರಯೋಗಗಳು ಸೌರ ನ್ಯೂಟ್ರಿನೊಗಳು ಕ್ಸೆನಾನ್ ಬೀಜಗಳನ್ನು ತಳ್ಳಿದ ಮೊದಲ ಕುರುಹುಗಳನ್ನು ಪ್ರಕಟಿಸಿದವು. ಹಗುರವಾದ ಕೃಷ್ಣಕಣವು ಕೊಡುವ ಹೊಡೆತವೂ ಇಂಥದೇ. ಶಕ್ತಿಯನ್ನು ಮಾತ್ರ ಅಳೆಯುವ ದೊಡ್ಡ ಉಪಕರಣಗಳಿಗೆ ಇವೆರಡನ್ನೂ ಬೇರ್ಪಡಿಸುವುದು ದಿನೇದಿನೇ ಕಠಿನವಾಗುವುದು. ಸೂರ್ಯನಾದರೋ ವರ್ಷದ ಯಾವ ದಿನವೂ ಹಂಸಪುಂಜದಲ್ಲಿ ನಿಲ್ಲುವುದಿಲ್ಲ. ಆದುದರಿಂದ ದಿಕ್ಕನ್ನು ಬಲ್ಲ ಉಪಕರಣವು ಅವನ್ನು ಬೇರ್ಪಡಿಸಬಲ್ಲುದು. ಮೊದಲ ಶೋಧದ ಕೀರ್ತಿ ಅದಕ್ಕೆ ದೊರೆಯದಿರಬಹುದು. ಶೋಧವು ನಿಜವೆಂದು ನುಡಿಯುವ ಸಾಕ್ಷಿಯ ಸ್ಥಾನ ಅದರದು. ಆ ಸಾಕ್ಷಿಯನ್ನು ವಿವಾದ ಎದ್ದ ಮೇಲೆ ಹುಡುಕಹೊರಡುವುದು ವಿವೇಕವಲ್ಲ.