ಸಂತವಾಣಿ ಮತ್ತು ಸೈನ್ಯವ್ಯವಸ್ಥೆ: ರಾನಡೆಯವರ ಒಂದು ಹೋಲಿಕೆಯ ಪರಿಶೀಲನೆ

ಮರಾಠಾ ಶಕ್ತಿಯ ಉದಯವನ್ನು ಕುರಿತು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಪುಣೆಯ ಇತಿಹಾಸ ಪರಂಪರೆಯಲ್ಲಿ ಹಿರಿಯ ಸ್ಥಾನವನ್ನು ಪಡೆದಿದೆ. ಶಿವಾಜಿಯ ರಾಜ್ಯವು ಒಬ್ಬ ಸಾಹಸಿಯ ಆಕಸ್ಮಿಕ ಸೃಷ್ಟಿಯಲ್ಲ, ಅದರ ಹಿಂದೆ ಸಮಗ್ರ ಜನಜಾಗೃತಿಯಿತ್ತೆಂಬುದು ಅವರ ಪ್ರತಿಪಾದನೆ. ಆ ಜಾಗೃತಿಗೆ ಪಂಢರಪುರದ ಸಂತರೇ ಮೂಲವೆಂದು ಬಗೆದು, ಸಂತರ ಪಂಥವನ್ನು ಅವರು ಯುರೋಪಿನ ಹದಿನಾರನೆಯ ಶತಮಾನದ ಪ್ರೊಟೆಸ್ಟೆಂಟ್ ಸುಧಾರಣೆಗೆ ಹೋಲಿಸಿದ್ದಾರೆ. ದೇಶಭಾಷೆಯ ಪುರಸ್ಕಾರ, ಪುರೋಹಿತರ ಏಕಸ್ವಾಮ್ಯದ ನಿರಾಕರಣೆ ಇವೆರಡರಲ್ಲಿಯೂ ಸಾಮ್ಯ ಸ್ಪಷ್ಟವಾಗಿದೆ. ಆದರೆ ಧರ್ಮಜಾಗೃತಿಯಿಂದಲೇ ರಾಜ್ಯಶಕ್ತಿ ಹುಟ್ಟುವುದೇ ಎಂಬುದು ಬೇರೆ ಪ್ರಶ್ನೆ.

ಆ ಸುಧಾರಣೆಯು ಶಸ್ತ್ರ ಹಿಡಿದ ಇಂಗ್ಲೆಂಡಿನಲ್ಲಿಯೇ ಇದನ್ನು ಪರೀಕ್ಷಿಸಬಹುದು. 1642ರಲ್ಲಿ ದೊರೆ ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ಮೊದಲಾಯಿತು. ಎರಡು ಪಕ್ಷಗಳಲ್ಲಿಯೂ ಪ್ರೊಟೆಸ್ಟೆಂಟರೇ ಬಹುಸಂಖ್ಯರು. ಬಿಷಪ್ಪರ ಅಧಿಕಾರ, ಪ್ರಾರ್ಥನಾ ವಿಧಿ ಇವುಗಳ ವಿವಾದವು ರಾಜಕೀಯ ಕಲಹವನ್ನು ತೀವ್ರಗೊಳಿಸಿತು. ಆದರೆ ಪ್ಯೂರಿಟನ್ನರ ಶ್ರದ್ಧೆಯೊಂದರಿಂದಲೇ ಜಯ ಲಭಿಸಲಿಲ್ಲ. 1645ರಲ್ಲಿ ಪಾರ್ಲಿಮೆಂಟು ತನ್ನ ಸದಸ್ಯರನ್ನು ಸೇನಾಧಿಪತ್ಯದಿಂದ ಬಿಡಿಸಿ, 22,000 ಸಂಖ್ಯೆಯ ಹೊಸ ಸೈನ್ಯವನ್ನು ಯೋಜಿಸಿ, ಮಾಸಿಕ ತೆರಿಗೆಯಿಂದ ಅದರ ವೇತನಕ್ಕೆ ಏರ್ಪಾಟು ಮಾಡಿತು. ಅದೇ ವರ್ಷ ಜೂನ್ 14ರಂದು ನೇಸ್‌ಬಿಯಲ್ಲಿ ದೊರೆಯ ಸೇನೆ ಮುರಿದುಬಿತ್ತು. 1647ರಲ್ಲಿ ಬಾಕಿ ವೇತನ ತೀರಿಸದೆ ಸೈನ್ಯವನ್ನು ವಿಸರ್ಜಿಸಲು ಹೊರಟಾಗ, ಸೈನಿಕರು ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ವೇತನದ ಮಾತು ಮತಸ್ವಾತಂತ್ರ್ಯ, ಮತದಾನದ ಹಕ್ಕುಗಳವರೆಗೆ ಬೆಳೆಯಿತು. ಇಲ್ಲಿ ಧರ್ಮವು ಸೈನಿಕನಿಗೆ ಧೈರ್ಯವನ್ನೂ ವಾದದ ಭಾಷೆಯನ್ನೂ ಕೊಟ್ಟಿತು. ಅವನನ್ನು ದಂಡಿನಲ್ಲಿ ನಿಲ್ಲಿಸಿದುದು ವ್ಯವಸ್ಥೆ.

ಶಿವಾಜಿಯ ವಿಷಯದಲ್ಲಿಯೂ ಇದೇ ವಿವೇಚನೆ ಅವಶ್ಯಕ. ಜಾವಳಿಯ ಮೋರೆಯರು, ಮುಧೋಳದ ಘೋರ್ಪಡೆಯರು, ಮಲಸೋದರ ವ್ಯಂಕೋಜಿ, ಇವರೆಲ್ಲ ಅವನ ಧರ್ಮದವರೇ ಆಗಿದ್ದೂ ಪ್ರತಿಪಕ್ಷದಲ್ಲಿದ್ದರು. ಅವನ ನೌಕಾಪಡೆಯಲ್ಲಿಯಾದರೋ ದೌಲತ್‌ಖಾನನು ನಾಯಕನಾಗಿದ್ದನು. ಇಪ್ಪತ್ತೈದು ಬಾರಗೀರರಿಗೆ ಒಬ್ಬ ಹವಾಲ್ದಾರ, ಐವರು ಹವಾಲ್ದಾರರ ಮೇಲೆ ಒಬ್ಬ ಜುಮಲೇದಾರ. ಕೋಟೆಯಲ್ಲಿ ಹವಾಲ್ದಾರ, ಸಬನೀಸ, ಕಾರಖಾನೀಸರೆಂಬ ಮೂವರು ಪರಸ್ಪರ ಕಾವಲು. ಜಾಗೀರಿಗೆ ಬದಲಾಗಿ ನಗದು ಸಂಬಳ. ಜಾಗೀರು ನಿಷೇಧದಂತಹ ಈ ಆಡಳಿತ ನಿಯಮಗಳನ್ನು ರಾನಡೆಯವರೇ ಇನ್ನೊಂದು ಅಧ್ಯಾಯದಲ್ಲಿ ಶ್ಲಾಘಿಸಿದ್ದಾರೆ. ಆದರೆ ಸಂತರ ಅಧ್ಯಾಯವನ್ನೂ ಇದನ್ನೂ ಎದುರುಬದುರಾಗಿರಿಸಿ ತೂಗಿಲ್ಲ. ಗ್ರಂಥದ ಮುಖ್ಯ ನ್ಯೂನತೆ ಇದೇ.

ಕನ್ನಡ ನಾಡಿನ ಅನುಭವವೂ ಇಲ್ಲಿ ವಿಚಾರಾರ್ಹ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ದೇಶಭಾಷೆಯಲ್ಲಿ ನುಡಿದರು, ಜಾತಿಯ ಕಟ್ಟನ್ನು ಪ್ರಶ್ನಿಸಿದರು. ರಾನಡೆಯವರು ಹೇಳುವ ಲಕ್ಷಣಗಳೆಲ್ಲ ಅಲ್ಲಿದ್ದವು. ಆದರೂ ಆ ಜಾಗೃತಿಯಿಂದ ಸ್ವತಂತ್ರ ರಾಜ್ಯವೊಂದು ಮೂಡಲಿಲ್ಲ. ಇನ್ನು ಮಹಾರಾಷ್ಟ್ರದಲ್ಲಿಯೇ 1689ರಲ್ಲಿ ಸಂಭಾಜಿಯ ವಧೆಯಾಗಿ ರಾಜಾರಾಮನು ಜಿಂಜಿಗೆ ಸರಿದ ಮೇಲೆ, ಸರದಾರರನ್ನು ಉಳಿಸಿಕೊಳ್ಳಲು ಭೂಮಿಯ ಉಂಬಳಿಗಳು ಮರಳಿ ಬಂದವು. ವಿಠ್ಠಲಭಕ್ತಿ ಕುಂದಿರಲಿಲ್ಲ, ಅಭಂಗಗಳು ನಿಂತಿರಲಿಲ್ಲ. ಆದರೂ 1707ರಲ್ಲಿ ಪುಣೆಯ ಉತ್ತರಕ್ಕಿರುವ ಖೇಡದಲ್ಲಿ ಶಾಹು ಮತ್ತು ತಾರಾಬಾಯಿಯ ಸೇನೆಗಳು ಇದಿರಾದವು. ತಾರಾಬಾಯಿಯ ಸೇನಾಪತಿ ಧನಾಜಿ ಜಾಧವನು ಶಾಹುವಿನ ಪಕ್ಷಕ್ಕೆ ಸಂದನು. ಧರ್ಮವು ಇದ್ದಂತೆಯೇ ಇತ್ತು. ಬದಲಾಗಿದ್ದುದು ಸೈನ್ಯದ ಕಟ್ಟು.

ಇದರಿಂದ ರಾನಡೆಯವರ ಹಿರಿಮೆಗೆ ಕುಂದಿಲ್ಲ. ಮರಾಠರ ಉದಯವನ್ನು ಕಾಡುಗಿಚ್ಚಿನಂತೆ ಕಂಡ ಗ್ರ್ಯಾಂಟ್ ಡಫ್ಫನಿಗೆ ಉತ್ತರ ಕೊಡುವುದು ಅಂದಿನ ಅವಶ್ಯಕತೆಯಾಗಿತ್ತು. ಆದರೆ ರಾಜ್ಯದ ಉದಯವನ್ನೆಲ್ಲ ಧರ್ಮದ ಲೆಕ್ಕಕ್ಕೇ ಬರೆದರೆ, ಅದರ ಪತನವನ್ನು ವಿವರಿಸಲು ಏನೂ ಉಳಿಯುವುದಿಲ್ಲ. ಇದಿರಾಳಿಯ ಮತವೇ ಕಲಹಕ್ಕೆಲ್ಲ ಕಾರಣವೆಂಬ ಸುಲಭ ತೀರ್ಮಾನಕ್ಕೂ ಅದು ದಾರಿಯಾಗುತ್ತದೆ. ಸಂತವಾಣಿಯ ಜೊತೆಗೆ ಸಂಬಳದ ಪಟ್ಟಿಯನ್ನೂ ಓದುವ ಇತಿಹಾಸಕಾರನು ಇವೆರಡು ದೋಷಗಳಿಂದಲೂ ಪಾರಾಗುತ್ತಾನೆ.