ನಗರದ ದಂಗೆಯೂ 1833ರ ವರದಿಯೂ

ಕಂದಾಯದ ಅನ್ಯಾಯವನ್ನು ಇನ್ನು ಸಹಿಸೆವೆಂದು ನಗರ ಫೌಜುದಾರಿಯ ರೈತರು 1830ರಲ್ಲಿ ಬಸವಾಪಟ್ಟಣದಲ್ಲಿ ಕೂಟಗೂಡಿದ ವೃತ್ತಾಂತವನ್ನೂ, ಕೂಟವು ಬಂಡಾಯವಾಗಿ ಬೆಳೆದು 1831ರ ಜೂನ್ ತಿಂಗಳಲ್ಲಿ ನಗರದ ಕೋಟೆಯು ಕಂಪನಿಯ ಸೈನ್ಯಕ್ಕೆ ವಶವಾದೊಡನೆ ಮುರಿದುಬಿದ್ದ ಬಗೆಯನ್ನೂ ಅರಿಯಬಯಸುವವರು ಮೊದಲು ಕೈಗೆತ್ತಿಕೊಳ್ಳಬೇಕಾದುದು ಹಾಕರ್, ಮಾರಿಸನ್, ಮ್ಯಾಕ್ಲಿಯೋಡ್, ಕಬ್ಬನ್ ಎಂಬ ನಾಲ್ವರು 1833ರ ಡಿಸೆಂಬರಿನಲ್ಲಿ ಸಲ್ಲಿಸಿದ ವರದಿಯನ್ನು.

ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತದ ರೋಗಮೂಲವನ್ನು ತೋರಿಸುವಲ್ಲಿ ಈ ವರದಿಯ ಸತ್ತ್ವವಿದೆ. ಶರತ್ತೆಂಬ ಪದ್ಧತಿಯನ್ನೇ ನೋಡಬಹುದು: ಇಂತಿಷ್ಟು ಹುಟ್ಟುವಳಿಯನ್ನು ತಂದೊಪ್ಪಿಸುವೆನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡತಕ್ಕದ್ದು; ಕಡಮೆ ಬಿದ್ದರೆ ತನ್ನ ಕೈಯಿಂದ ತುಂಬಿಕೊಡತಕ್ಕದ್ದು. ಹಾಗೆ ಸ್ವಂತ ಗಂಟಿನಿಂದ ತುಂಬಿಕೊಡುವ ಅಮಲ್ದಾರನಾರು? ರೈತನ ಕಣಜಕ್ಕೇ ಕೈಯಿಕ್ಕುವನು. ಫೌಜುದಾರ ರಾಮರಾಯನ ಕಾಲದಲ್ಲಿ ನಗರದ ಅಧಿಕಾರಗಳನ್ನು ಅವನ ಬಂಧುವರ್ಗವೇ ತುಂಬಿತ್ತು. ತರುವಾಯ 1828ರಲ್ಲಿ ಬಂದ ವೀರರಾಜ ಅರಸನು ಹಳೆಯ ಲೆಕ್ಕಗಳನ್ನು ಕೆದಕಿದಾಗ, ಆ ಭಾರವೂ ಕಟ್ಟಕಡೆಗೆ ಉಳುವವನ ಹೆಗಲನ್ನೇ ಸೇರಿತು.

ಹೊನ್ನಾಳಿ ಸೀಮೆಯ ರೈತನ ಮಗನಾದ ಸಾದರಮಲ್ಲನು, ಬೂದಿ ಬಸವಪ್ಪನೆಂಬ ಹೆಸರಿನಿಂದ, ಕೆಳದಿಯ ಸಿಂಹಾಸನಕ್ಕೆ ತಾನೇ ಹಕ್ಕುದಾರನೆಂದು ಮುಂದೆ ಬಂದುದೂ, ತರೀಕೆರೆಯ ರಂಗಪ್ಪನಾಯಕನು ಕೂಡಿಕೊಂಡುದೂ ದಂಗೆಗೆ ಬಲವನ್ನಿತ್ತಂತೆ ತೋರಿತಾದರೂ, ನನ್ನ ಅಭಿಪ್ರಾಯದಲ್ಲಿ ಅದರ ನೈತಿಕ ಶಕ್ತಿಯು ಕುಂದತೊಡಗಿದುದು ಅಂದಿನಿಂದಲೇ. ಕಂದಾಯದ ನ್ಯಾಯವನ್ನು ಕೇಳಿದವರ ಕೂಟವು ಅರಸುತನವನ್ನು ಬಯಸಿದವರ ಕೈಸೇರಿದ ಬಳಿಕ, ಅದನ್ನು ರಾಜದ್ರೋಹವೆಂದು ಕರೆದು ಹೊಡೆದುಹಾಕುವುದು ಸುಲಭವಾಯಿತು.

ಇಷ್ಟಾದರೂ ವರದಿಯ ಮುಖ್ಯ ದೋಷವನ್ನು ಮುಚ್ಚಿಡಲಾಗದು. ಲಾರ್ಡ್ ಬೆಂಟಿಂಕನು ರಾಜ್ಯಭಾರವನ್ನು ಮಹಾರಾಜರಿಂದ ತೆಗೆದುಕೊಂಡುದು 1831ರ ಅಕ್ಟೋಬರಿನಲ್ಲಿ. ಕಾರಣಗಳ ಈ ವಿಚಾರಣೆಯ ಫಲವು ಹೊರಬಂದುದು ಅದಾಗಿ ಎರಡು ವರ್ಷಗಳಿಗೂ ಮೇಲೆ. ದಂಡನೆ ಮೊದಲು, ವಿಚಾರಣೆ ಆಮೇಲೆ! ವಿಚಾರಿಸಿದವರಾದರೂ ಕಂಪನಿಯ ಅಧಿಕಾರಿಗಳೇ. ಅವರಲ್ಲೊಬ್ಬನಾದ ಕಬ್ಬನ್ 1834ರಲ್ಲಿ ಮೈಸೂರಿನ ಕಮಿಷನರನಾಗಿ 1861ರವರೆಗೆ ಆಳಿದನು. ಶರತ್ತನ್ನು ತೊಡೆದುಹಾಕಿದ ಆತನ ಕಾರ್ಯದಕ್ಷತೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1799ರ ಒಡಂಬಡಿಕೆಯಂತೆ ವರ್ಷಂಪ್ರತಿ ಏಳು ಲಕ್ಷ ವರಾಹಗಳನ್ನು ಮೈಸೂರಿನಿಂದ ಪಡೆಯುತ್ತಿದ್ದ ಕಂಪನಿಯು ಇಲ್ಲಿ ತಟಸ್ಥ ನ್ಯಾಯಾಧಿಪತಿಯಾಗಿರಲಿಲ್ಲ. ರೈತರ ಸಂಕಟಕ್ಕೆ ಈ ವರದಿಯನ್ನು ಸಾಕ್ಷಿಯಾಗಿ ಸ್ವೀಕರಿಸೋಣ. ತೀರ್ಪಾಗಿ ಸ್ವೀಕರಿಸಲು ನನ್ನ ಮನಸ್ಸು ಒಪ್ಪದು. ರಾಜ್ಯವನ್ನು ಮರಳಿ ಪಡೆಯಲು ಹೆಣಗಿದ ಕೃಷ್ಣರಾಜ ಒಡೆಯರು 1868ರಲ್ಲಿ ತೀರಿಕೊಂಡರು. ಅದು ಅವರ ವಂಶಕ್ಕೆ ಹಿಂದಿರುಗಿದುದು 1881ರಲ್ಲಿ.