ಎಲೆಯ ಅಡಿಯ ಹೆಸರು

ಚಳಿಗಾಲದ ಬೆಳಗ್ಗೆ ಶಾಲು ಹೊದ್ದು, ಬಿಸಿ ಚಹಾ ಪಕ್ಕದಲ್ಲಿಟ್ಟುಕೊಂಡು ರಾಬರ್ಟ್ ವೈಟ್‌ನ ‘ಐಕೋನೆಸ್ ಪ್ಲಾಂಟಾರಮ್ ಇಂಡಿಯೆ ಓರಿಯೆಂಟಾಲಿಸ್’ನ ಹಾಳೆ ತಿರುವುವುದು ಒಂದು ಸುಖ. ಮದ್ರಾಸಿನಲ್ಲಿ 1838ರಿಂದ 1853ರವರೆಗೆ ಆರು ಸಂಪುಟಗಳಾಗಿ ಬಂದ ಈ ಕೃತಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಸ್ಯಚಿತ್ರಗಳಿವೆ. ಬಣ್ಣವಿಲ್ಲ. ಎಲೆಯ ನರ, ಹೂವಿನ ಎಸಳು, ಕಾಯಿಯ ಒಳಗಿನ ಬೀಜ ಎಲ್ಲವನ್ನೂ ಬರಿಯ ಗೆರೆಯೇ ಹೇಳಬೇಕು, ಹೇಳುತ್ತದೆ ಕೂಡ.

ಆದರೆ ಆ ಗೆರೆ ಯಾರದು? ಮುಖಪುಟದಲ್ಲಿರುವುದು ಕಂಪೆನಿ ಸರಕಾರದ ವೈದ್ಯ ವೈಟ್‌ನ ಹೆಸರು. ಚಿತ್ರ ಬರೆದವರು ದಕ್ಷಿಣ ಭಾರತದ ರಂಗಯ್ಯ ಮತ್ತು ಗೋವಿಂದು. ವೈಟ್ ಕೃತಘ್ನನಲ್ಲ. ಅನೇಕ ಚಿತ್ರಗಳ ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅವರ ಹೆಸರಿದೆ. ಒಂದು ಆರ್ಕಿಡ್ ಕುಲಕ್ಕೆ ಆತ ಗೋವಿಂದುವಿನ ಹೆಸರನ್ನೇ ಇಟ್ಟ. ಮುಂದೆ ಸಸ್ಯಶಾಸ್ತ್ರ ಆ ಕುಲವನ್ನು ಇನ್ನೊಂದರಲ್ಲಿ ಸೇರಿಸಿದ್ದರಿಂದ ಆ ಹೆಸರೂ ಬಳಕೆಯಿಂದ ಹೋಯಿತು.

ಅದೇ 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್‌ಗಾಗಿ ನಮ್ಮ ಮಲೆನಾಡಿನ ಗಿಡಗಳನ್ನು ಚಿತ್ರಿಸಿದ ಕಲಾವಿದನಿಗೆ ಇಷ್ಟೂ ದಕ್ಕಲಿಲ್ಲ. ಚಿತ್ರಗಳು ಎಡಿನ್‌ಬರೋದಲ್ಲಿ ಜೋಪಾನವಾಗಿವೆ, ಬರೆದವನ ಹೆಸರು ಉಳಿದಿಲ್ಲ.

ಇಂಥ ಪುಸ್ತಕಗಳನ್ನು ಚೆಂದಕ್ಕಷ್ಟೇ ನೋಡಿ ಮುಚ್ಚಿಟ್ಟರೆ ಆ ಮರೆವಿನಲ್ಲಿ ನಾವೂ ಪಾಲುದಾರರು. ಹೂವನ್ನು ನೋಡಿದ ಮೇಲೆ ಹಾಳೆಯ ಅಡಿಯನ್ನೂ ಓದೋಣ.